ಜಿಗಣಿಯ ತಪಾಸಣಾ ಯಂತ್ರಕ್ಕೆ, ಸಿದ್ದಕ್ಕನ ಮೆಮೊ ಕುರಿತು

ಮಾನ್ಯ ತಪಾಸಣಾ ಯಂತ್ರದವರ ಸನ್ನಿಧಿಗೆ,

ಗೇಜ್ ವಿಭಾಗದ ವೆಂಕಟರಮಣಪ್ಪ ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ? ತಮ್ಮನ್ನು ತಂಪಾಗಿಟ್ಟಿರುವ ಏಸಿ, ಕರೆಂಟ್ ಹೋದಾಗ ಕೈಹಿಡಿಯುವ ಯುಪಿಎಸ್, ತಮಗೆ ಪಾಠ ಹೇಳಿದ ಎಂಜಿನಿಯರ್ ಲಾವಣ್ಯ ಮೇಡಂ, ಎಲ್ಲರೂ ಆರೋಗ್ಯವೇ? ಫ್ಯಾನಿಲ್ಲದ ಮೂಲೆಯಲ್ಲಿ ಎಷ್ಟು ಸಾಧ್ಯವೋ ಅಷ್ಟು ನಾವೂ ಕ್ಷೇಮ.

ತಾವು ಬಂದ ಆರು ತಿಂಗಳಲ್ಲಿ ಲಕ್ಷಾಂತರ ಬುಷ್‌ಗಳನ್ನು, ಅಂದರೆ ನಮ್ಮ ಲೇತಿನಿಂದ ಬರುವ ಆ ಲೋಹದ ಬಳೆಗಳನ್ನು, ನೋಡಿ, ಒಂದೊಂದಕ್ಕೂ ಒಳ್ಳೆಯದು, ಕೆಟ್ಟದ್ದು ಎಂದು ತೀರ್ಪು ಕೊಟ್ಟು, ಪಕ್ಕದಲ್ಲೇ ‘ಖಚಿತತೆ ಶೇಕಡಾ ತೊಂಬತ್ತೊಂಬತ್ತು’ ಎಂದು ಬರೆದುಕೊಳ್ಳುವುದನ್ನು ಕಂಡು ನನಗೆ ಭಕ್ತಿಯೇ ಹುಟ್ಟಿದೆ. ಮೂವತ್ತೊಂದು ವರ್ಷ ಮೈಕ್ರೋಮೀಟರ್ ಹಿಡಿದ ನಾನು ಇವತ್ತಿಗೂ ದಿನಕ್ಕೆ ನಾಲ್ಕೈದು ಬುಷ್‌ಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ಅನುಮಾನದ ಟ್ರೇಯಲ್ಲಿಟ್ಟು, ತಮಗೆ ಮಾಲು ತುಂಬುವ ಸಿದ್ದಕ್ಕನನ್ನು ಕರೆದು, ‘ನೀನೊಂದ್ಸಲ ನೋಡಮ್ಮ, ನನ್ನ ಕಣ್ಣು ಯಾಕೋ ಸರಿಯಿಲ್ಲ’ ಅನ್ನುತ್ತೇನೆ. ತಮಗೆ ಅಂಥ ಟ್ರೇಯೇ ಇಲ್ಲ. ದೊಡ್ಡವರ ಮನೆಯಲ್ಲಿ ಅನುಮಾನಕ್ಕೆ ಜಾಗ ಎಲ್ಲಿರುತ್ತದೆ, ಬಿಡಿ.

ಈಗ ನನ್ನ ತಪ್ಪೊಪ್ಪಿಗೆ. ಆಯುಧಪೂಜೆಯ ದಿನ ಲೇತು, ಡ್ರಿಲ್ಲು, ಸೆಕ್ಯುರಿಟಿಯವರ ಸೈಕಲ್ಲು ಎಲ್ಲಕ್ಕೂ ಗಂಧ ಕುಂಕುಮ ಇಡುತ್ತಾ ಬಂದವನು, ತಮ್ಮ ಹಣೆ ಯಾವುದೆಂದು ತಿಳಿಯದೆ, ಚೆನ್ನಾಗಿ ಹೊಳೆಯುತ್ತಿದ್ದ ಗಾಜಿಗೇ ಇಟ್ಟೆ. ಅದೇ ತಮ್ಮ ಕ್ಯಾಮೆರಾ ಕಣ್ಣೆಂದು ಆಮೇಲೆ ತಿಳಿಯಿತು. ರಜೆ ಮುಗಿದು ಬಂದ ಬೆಳಗ್ಗೆ ತಾವು ಸಾಲಾಗಿ ನಾನೂರ ಹನ್ನೆರಡು ಬುಷ್‌ಗಳನ್ನು ರಿಜೆಕ್ಟ್ ಮಾಡಿದಿರಿ. ಎಲ್ಲದರಲ್ಲೂ ಒಂದೇ ಜಾಗದಲ್ಲಿ ಒಂದೇ ಆಕಾರದ ಕಲೆ. ಹತ್ತನೆಯದಕ್ಕೇ ಸಿದ್ದಕ್ಕ ಕೂಗಿದಳು, ‘ಇದ್ರ ಕಣ್ಗೇನೋ ಆಗೈತೆ, ನಿಲ್ಸಿ ಸಾರ್.’ ತಮಗೆ ಮಾತ್ರ ಇನ್ನೂರನೆಯದು ದಾಟಿದರೂ, ಜಗತ್ತೆಲ್ಲ ಒಟ್ಟಿಗೆ ಕೆಟ್ಟಿತೋ ಅಥವಾ ತೊಂದರೆ ತಮ್ಮಲ್ಲೇ ಇದೆಯೋ ಎಂಬ ಕ್ಷುಲ್ಲಕ ಯೋಚನೆ ಬರಲಿಲ್ಲ. ಬದಲಿಗೆ ತಾವೇ ವರದಿ ಬರೆದು, ತಾವೇ ಹೆಡ್ ಆಫೀಸಿಗೆ ಕಳಿಸಿದಿರಿ: ‘ಕಾರಣ, ಆಪರೇಟರ್ ನಿರ್ಲಕ್ಷ್ಯ. ಖಚಿತತೆ ಶೇಕಡಾ ತೊಂಬತ್ತೊಂಬತ್ತು.’ ಸಿದ್ದಕ್ಕನಿಗೆ ಮೆಮೊ ಬಂತು. ಶನಿವಾರ ಹನ್ನೊಂದು ಗಂಟೆಗೆ ವಿಚಾರಣೆ. ಕಾಂಟ್ರ್ಯಾಕ್ಟಿನವಳು, ಅಂದೇ ಗೇಟಿನಾಚೆ ಕಳಿಸಬಹುದು.

ಗಂಧ ಇಟ್ಟವನು ನಾನೆಂದು ಮ್ಯಾನೇಜರ್ ಭಾನುಪ್ರಕಾಶ್ ಅವರಿಗೆ ಹೇಳಿದೆ. ‘ಯಜಮಾನ್ರೇ, ಸಿಸ್ಟಮ್ಮಲ್ಲಿ ಆಪರೇಟರ್ ಅಂತ ಬಂದ್ಬಿಟ್ಟಿದೆ, ನಾನು ಬದಲಾಯ್ಸೋಕಾಗಲ್ಲ, ಅದೇ ಬದಲಾಯ್ಸ್ಕೋಬೇಕು’ ಅಂದರು. ಆದ್ದರಿಂದ ತಮ್ಮಲ್ಲಿಗೇ ಬಂದೆ. ತಾನು ಯೋಚಿಸಿದ್ದು ಸರಿಯೇ ಎಂದು ತಾನೇ ಯೋಚಿಸಿ ನೋಡುವ ವಿದ್ಯೆಯೊಂದಿದೆಯಂತೆ, ಅದಕ್ಕೊಂದು ಭಾರಿ ಇಂಗ್ಲಿಷ್ ಹೆಸರೂ ಇದೆಯೆಂದು ಲಾವಣ್ಯ ಮೇಡಂ ಹೇಳಿದರು; ನಮಗೆ ಅಷ್ಟಕ್ಕೆಲ್ಲ ಸೀಮೆಸುಣ್ಣ ಸಾಕಾಗುತ್ತಿತ್ತು. ತಾವು ದಯಮಾಡಿ ಒಮ್ಮೆ ಬೆಲ್ಟಿನ ಮೇಲೆ ತಮ್ಮನ್ನೇ ಮಲಗಿಸಿಕೊಂಡು ತಪಾಸಣೆ ಮಾಡಿಕೊಂಡು, ಗುಣಮಟ್ಟವೇನೆಂದು ತಿಳಿಸಬೇಕು. ಆ ವರದಿಯ ಕೆಳಗೆ ‘ನನಗೆ ಖಚಿತವಿಲ್ಲ’ ಎಂದೊಂದು ಸಾಲು ಸೇರಿಸಿದರೆ ಸಿದ್ದಕ್ಕನ ಕೆಲಸ ಉಳಿಯುತ್ತದೆ. ಶುಕ್ರವಾರ ಸಂಜೆಯೊಳಗೆ ಮರೆಯದೆ ಉತ್ತರ ಬರೆಯಿರಿ, ದಾರಿ ನೋಡುತ್ತಿರುತ್ತೇನೆ.

ತಮ್ಮ ವಿಶ್ವಾಸಿ,
ವೆಂಕಟರಮಣಪ್ಪ

ಮರೆತ ಮಾತು: ತಮ್ಮ ಗಾಜು ಒರೆಸಿದವಳು ಸಿದ್ದಕ್ಕನೇ, ತನ್ನ ಏಪ್ರನ್ ತುದಿಯಿಂದ. ಆಮೇಲೆ ಅವೇ ನಾನೂರ ಹನ್ನೆರಡನ್ನು ಮತ್ತೆ ಹಾಯಿಸಿದಾಗ ತಾವು ಎಲ್ಲವೂ ಒಳ್ಳೆಯವೆಂದಿರಿ, ಅಷ್ಟೇ ಖಚಿತವಾಗಿ. ಎರಡೂ ಕಾಗದ ನನ್ನ ಬಳಿ ಇವೆ. ಶನಿವಾರ ಅವನ್ನು ಅಕ್ಕಪಕ್ಕ ಹಿಡಿದುಕೊಂಡು ನಾನು ಸಿದ್ದಕ್ಕನ ಮಗ್ಗುಲಲ್ಲಿ ನಿಲ್ಲುತ್ತೇನೆ. ತಾವು ಬರೆದರೂ ಸರಿ, ಬರೆಯದಿದ್ದರೂ ಸರಿ.