ಇಟ್ಟಿಗೆಪುಡಿ ಮತ್ತು ಎ ಗ್ರೇಡ್ ಬಂದೂಕು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಮಕ್ಕಳಿಗೆ ಗ್ರೇಡ್ ಕೊಟ್ಟವನಿಗೆ ಒಂದು ಬಂದೂಕಿಗೆ ಗ್ರೇಡ್ ಕೊಡುವುದು ಯಾವ ಮಹಾ ಕೆಲಸ? ಹಾಗೆಂದುಕೊಂಡೇ ನಾನು ಕೆಟ್ಟೆ.

ಅಪ್ಪ ತೀರಿಕೊಂಡು ವರ್ಷವಾಗಿತ್ತು. ಗೌನಿಪಲ್ಲಿ ಹತ್ತಿರದ ಮಾವಿನ ತೋಪು, ತೋಪಿಗೆ ನುಗ್ಗುವ ಕೋತಿಗಳು, ಅವನ್ನು ಹೆದರಿಸಲು ಅಪ್ಪ ಆಕಾಶಕ್ಕೆ ಹಾರಿಸುತ್ತಿದ್ದ ಹಳೇ ಜೋಡಿ ನಳಿಗೆಯ ಬಂದೂಕು, ಮೂರೂ ನನ್ನ ಪಾಲಿಗೆ ಬಂದವು. ಕಚೇರಿಗೆ ಅಲೆದೂ ಅಲೆದೂ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಅದರಲ್ಲಿ ಒಂದೇ ಬಂದೂಕಿಗೆ ಅವಕಾಶ. ಒಂದೇ ಎಂದ ಮೇಲೆ ಉತ್ತಮವಾದದ್ದೇ ಇರಬೇಕಲ್ಲವೇ!

ಒಂದು ವಾರ ಫೋನಿನಲ್ಲಿ ವಿಡಿಯೋ ನೋಡಿದೆ. ಹಳೇ ಬಂದೂಕುಗಳಲ್ಲೂ ದರ್ಜೆಗಳಿವೆಯಂತೆ. ವಿಡಿಯೋದವನ ಇಂಗ್ಲಿಷು ನನಗೆ ಅರ್ಧ ಅರ್ಥವಾಯಿತು. ಆ ಅರ್ಧದಲ್ಲಿ ಇದ್ದದ್ದು ಇಷ್ಟೇ: ಲೋಹದ ಮೇಲೆ ಕೆತ್ತನೆ ಹೆಚ್ಚಿದ್ದಷ್ಟೂ ದರ್ಜೆ ಹೆಚ್ಚು. ಉಳಿದ ಅರ್ಧದಲ್ಲಿ ಏನಿತ್ತೆಂದು ಈಗ ಗೊತ್ತಾಗಿದೆ, ಬಿಡಿ.

ಅಪ್ಪನ ಬಂದೂಕನ್ನು ಜಗಲಿಯ ಮೇಲಿಟ್ಟು ಅಂಕಪಟ್ಟಿ ಬರೆದೆ. ಕೆತ್ತನೆ: ಸೊನ್ನೆ. ಒಂದು ಹೂವಿಲ್ಲ, ಹಕ್ಕಿಯಿಲ್ಲ, ಬೋಳು ಬೋಳು. ಇದ್ದ ಒಂದೇ ಗುಣವೆಂದರೆ ಹೊಳಪು. ಅದೂ ನನ್ನ ಕೃಪೆ. ಆಯುಧಪೂಜೆಯ ಹಿಂದಿನ ದಿನ ಹುಣಸೆಹಣ್ಣು, ಮಾಲೂರಿನ ಇಟ್ಟಿಗೆಪುಡಿ ಹಾಕಿ ಅದನ್ನು ಉಜ್ಜುವ ಹಕ್ಕು ಚಿಕ್ಕಂದಿನಿಂದಲೂ ನನ್ನದೇ. ಅಪ್ಪ ಪಕ್ಕದಲ್ಲಿ ಕೂತು ಸುಮ್ಮನೆ ನೋಡುತ್ತಿದ್ದರು. ಹೊಳಪಿಗೆ ಪೂರ್ತಿ ಅಂಕ ಕೊಟ್ಟರೂ ಒಟ್ಟಿನಲ್ಲಿ ಬಂದೂಕು ಫೇಲಾಯಿತು.

"ರತ್ನಾ, ಇದು ಸಿ ಗ್ರೇಡ್ ಕಣೇ. ಕೋಲಾರದ ಅಂಗಡೀಲಿ ಕೊಟ್ಟು ಬೇರೆ ತಗೋತೀನಿ" ಎಂದೆ.

ನನ್ನ ಹೆಂಡತಿ ಹುರುಳಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. "ರೀ, ಮಾವನ ಕೈಯಾಡಿದ ತುಪಾಕಿ ಅದು. ಮೊದಲು ಬಾಷಾ ಸಾಬ್ರನ್ನ ಒಂದು ಮಾತು ಕೇಳ್ರೀ."

ಬಾಷಾ ಸಾಬರು ಶ್ರೀನಿವಾಸಪುರದಲ್ಲಿ ಬಂದೂಕು ರಿಪೇರಿ ಮಾಡುವವರು, ಅಪ್ಪನ ಗೆಳೆಯರು; ಅಪ್ಪನನ್ನು 'ನಾಯನ' ಎಂದೇ ಕರೆಯುತ್ತಿದ್ದರು.

"ಐದನೇ ಕ್ಲಾಸು ಓದಿದೋರ್ನ ಗ್ರೇಡ್ ಬಗ್ಗೆ ಏನು ಕೇಳೋದು?"

"ಬಿಎಡ್ ಓದಿದೋರು ನೀವೇ ನಿರ್ಧಾರ ಮಾಡಿ ಹಾಗಾದ್ರೆ" ಎಂದು ಅವಳು ಮೊರ ಎತ್ತಿಕೊಂಡಳು.

ಮಾಡಿದೆ! ಕೋಲಾರದ ಅಂಗಡಿಯಲ್ಲಿ ಸಿಕ್ಕಿದ ಜೋಡಿ ನಳಿಗೆಯ ಬಂದೂಕಿನ ತುಂಬ ಕೆತ್ತನೆ. ಬಳ್ಳಿ, ಎರಡು ಬಾತುಕೋಳಿ, ಒಂದು ಬೇಟೆನಾಯಿ. ನಾಯಿ ನಮ್ಮ ಬಸ್‌ಸ್ಟ್ಯಾಂಡಿನ ನಾಯಿಯಂತೆ ಕಂಡರೂ ಕಲೆಗೆ ಅಂಕ ಕಳೆಯಬಾರದೆಂದು ಉದಾರವಾಗಿ ಎ ಗ್ರೇಡ್ ಕೊಟ್ಟೆ. ಅಂಗಡಿಯವರು ಅಪ್ಪನ ಬಂದೂಕಿನ ನಳಿಗೆ ಬಿಚ್ಚಿ, ಬೆರಳಿಗೆ ತೂಗುಹಾಕಿ, ಮೆಲ್ಲಗೆ ತಟ್ಟಿದರು. ದೇವಸ್ಥಾನದ ಗಂಟೆಯಂತೆ ನಾದ ಬಂತು. ಅವರು ಎರಡನೇ ಮಾತಾಡದೆ ಅದನ್ನು ತೆಗೆದುಕೊಂಡು, ಮೇಲೆ ನನ್ನಿಂದ ಪೈಸೆ ಕೇಳದೆ, ಕಾಗದಪತ್ರವೆಲ್ಲ ತಾವೇ ಮಾಡಿಸಿ, ಟೀ ಕೂಡ ತರಿಸಿದರು. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡು ಟೀ ಕುಡಿದು ಬಂದೆ.

ಮರುದಿನ ಬೆಳಿಗ್ಗೆ ಅಕ್ಕಪಕ್ಕದ ತೋಪಿನವರೆಲ್ಲ ನೋಡಲು ಬಂದಿದ್ದರು. ಕೋತಿಗಳೂ ಬಂದವು. ಬಂದೂಕು ಮಡಚಿ ತೋಟಾ ತುಂಬಿದೆ. ಮುಚ್ಚಲು ಹೋದರೆ ಮುಚ್ಚಲಿಲ್ಲ! ಒತ್ತಿದೆ, ಮೊಣಕಾಲಿಗೆ ಕೊಟ್ಟು ತಳ್ಳಿದೆ. ಉಹುಂ. ಕೋತಿಗಳು ಓಡಲಿಲ್ಲ. ಒಂದು ದೊಡ್ಡ ಕೋತಿ ಹತ್ತಿರದ ಕೊಂಬೆಗೆ ಇಳಿದು, ನನ್ನನ್ನೇ ನೋಡುತ್ತಾ ಬಾದಾಮಿ ಮಾವಿನಕಾಯಿ ಕಚ್ಚಿತು.

"ಏನ್ ಮೇಷ್ಟ್ರೇ, ಪಾಠ ಮಾಡಿ ಓಡಿಸ್ತೀರಾ?" ಎಂದರು ಪಕ್ಕದ ತೋಪಿನ ನಾರಾಯಣಪ್ಪ.

ಕೊನೆಗೆ ತೋಟಾ ತೆಗೆದು, ಬಂದೂಕನ್ನು ಚೀಲದಲ್ಲಿ ಸುತ್ತಿ ಬಾಷಾ ಸಾಬರ ಮುಂದೆ ಇಟ್ಟೆ. ಅವರು ನಳಿಗೆ ಬಿಚ್ಚಿ ತಟ್ಟಿದರು. ಒಡೆದ ಮಡಕೆಯ ಸದ್ದು ಬಂತು.

"ನಳಿಗೆ ಜೋಡಣೆ ಬಿಟ್ಟೋಗಿದೆ ಮೇಷ್ಟ್ರೇ. ಈ ಕೆತ್ತನೆ ಮಷೀನ್‌ದು, ಇತ್ತೀಚೆಗೆ ಹೊಡೆದಿರೋದು. ಇದು ಗೋಡೆಗೆ ಚೆಂದ. ನಾಯನದು ಎಲ್ಲಿ? ಅದು ಅಸಲಿ ಮಾಲು."

"ಸಾಬ್ರೇ, ಅದರ ಮೇಲೆ ಒಂದು ಗೆರೆ ಕೆತ್ತನೆ ಇರಲಿಲ್ಲ!"

"ಅರೇ, ಇರಲಿಲ್ವಾ? ಹೂಬಳ್ಳಿ ಇತ್ತು, ಎರಡು ಕೊಕ್ಕರೆ ಇತ್ತು. ಕೂದಲೆಳೆಯಂಥ ಕೈಕೆಲಸ. ವರ್ಷಾವರ್ಷ ಇಟ್ಟಿಗೆಪುಡಿ ಹಾಕಿ ಉಜ್ಜಿದೋರು ಯಾರು?"

"ಅಪ್ಪ ಒಂದು ದಿನಾನೂ ಬೇಡ ಅನ್ನಲಿಲ್ಲ" ಎಂದೆ.

"ನಾನು ಹೇಳ್ದೆ. ಮಾಲು ಕೆಡ್ತಾ ಇದೆ, ಮಗನ್ನ ನಿಲ್ಸಿ ಅಂತ. ನಾಯನ ಏನಂದ್ರು ಗೊತ್ತಾ? 'ಪೋನೀಲೇ, ಬಿಡು ಬಾಷಾ. ಕೊಕ್ಕರೆ ಹೋದ್ರೆ ಹೋಗ್ಲಿ. ವರ್ಷಕ್ಕೊಂದು ದಿನ ಮಗ ನನ್ನ ಪಕ್ಕ ಕೂತ್ಕೋತಾನೆ.'"

ಅಲ್ಲಿಂದ ನೇರ ಕೋಲಾರದ ಬಸ್ಸು ಹತ್ತಿದೆ. ಬಂದೂಕು ಆಗಲೇ ಕೊಡಗಿನ ಯಾರಿಗೋ ಮಾರಾಟವಾಗಿಹೋಗಿತ್ತು. ಅಂಗಡಿಯವರು ಈ ಸಲ ಟೀ ತರಿಸಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಪಕ್ಕದವರು ಕೇಳಿದಾಗ ಧೂಳು ಎಂದೆ.

ಆಯುಧಪೂಜೆ ಬಂತು. ರತ್ನ ಹುಣಸೆಹಣ್ಣು, ಇಟ್ಟಿಗೆಪುಡಿ ತಂದು ಜಗಲಿಯ ಮೇಲೆ ಆ ಎ ಗ್ರೇಡ್ ಬಂದೂಕಿನ ಪಕ್ಕ ಇಟ್ಟಳು. "ಇದನ್ನ ಎಷ್ಟು ಬೇಕಾದ್ರೂ ಉಜ್ಜಿ. ಯಾರಿಗೂ ನಷ್ಟವಿಲ್ಲ" ಎಂದಳು.

ತೋಳು ಬೀಳುವವರೆಗೂ ಉಜ್ಜಿದೆ. ಬಾತುಕೋಳಿಯ ಒಂದು ಪುಕ್ಕವೂ ಮಾಸಲಿಲ್ಲ. ಆ ಬಸ್‌ಸ್ಟ್ಯಾಂಡ್ ನಾಯಿ ಮಾತ್ರ ಇನ್ನಷ್ಟು ಹೊಳೆಯುತ್ತಾ ನನ್ನನ್ನೇ ನೋಡಿತು. ಅದು ಅಳಿಸಿಹೋಗಬೇಕಾದರೆ ಇನ್ನೂ ನಲವತ್ತು ವರ್ಷ ಉಜ್ಜಬೇಕು. ಉಜ್ಜೇನು, ನನಗೇನು ಬೇರೆ ಕೆಲಸ? ಆದರೆ ಅಷ್ಟು ವರ್ಷ ಪಕ್ಕದಲ್ಲಿ ಸುಮ್ಮನೆ ಕೂತು ನೋಡುವವರು ಈಗ ಇಲ್ಲ.