ಯಾರಿಗೂ ಹೇಳಬ್ಯಾಡ್ರಿ, ಬಾಟನಿ ಖಾಲಿ ಅದ

ಅಡ್ಮಿಷನ್ ಕೌಂಟರಿನಲ್ಲಿ ಕೂತವರಿಗೆ ವರ್ಷಕ್ಕೊಮ್ಮೆಯಾದರೂ ನಗಬೇಕೋ ಅಳಬೇಕೋ ತಿಳಿಯದ ಪ್ರಸಂಗ ಬಂದೇ ಬರುತ್ತದೆ ಎಂದು ನನಗೆ ಮೊದಲು ಹೇಳಿದವಳು ನಮ್ಮ ಕಾಲೇಜಿನ ಕ್ಲರ್ಕ್ ಶಮೀಮಕ್ಕ. ಸುರಪುರಕ್ಕೆ ಪಾಠ ಹೇಳಲು ಬಂದ ಹೊಸದರಲ್ಲಿ ನಾನು ನಂಬಿರಲಿಲ್ಲ. ನಮ್ಮಲ್ಲಿ ಬಿಎಸ್ಸಿಗೆ ಅರ್ಜಿ ಹಾಕುವಾಗ ಮುಖ್ಯ ವಿಷಯ ಒಂದನ್ನು ಬರೆಯಬೇಕು. ಒಂದೊಂದು ವಿಷಯಕ್ಕೆ ಒಂದೊಂದು ಪಟ್ಟಿ. ಕೆಮಿಸ್ಟ್ರಿಗೆ ಯಾವಾಗಲೂ ನೂಕುನುಗ್ಗಲು. ಬಾಟನಿಗೆ ಮಾತ್ರ ಬಾಟನಿ ಸರ್ ತಾವೇ ಬಸ್‌ಸ್ಟ್ಯಾಂಡಿಗೆ ಹೋಗಿ ಹುಡುಗರನ್ನು ಹಿಡಿದು ತರಬೇಕು.

೧. ಖಾಲಿ ತೂಬು

ನನ್ನನ್ನೂ ಕೌಂಟರಿಗೆ ಕೂರಿಸಿದ ಒಂದು ವರ್ಷ ಕಕ್ಕೇರಾ ಕಡೆಯ ರೈತನೊಬ್ಬ ಮಗಳನ್ನು ಕರೆದುಕೊಂಡು ಬಂದ. ಅವರೂರಿನ ಮರಿಕಾಲುವೆಯ ಕಟ್ಟಕಡೆಗೆ ಅವನ ಹೊಲ. ಮೇಲಿನವರೆಲ್ಲ ಕುಡಿದು ಬಿಟ್ಟ ನೀರು ಅವನಿಗೆ. ಹುಡುಗಿಯ ಮಾರ್ಕ್ಸ್ ಅಷ್ಟಕ್ಕಷ್ಟೇ, ಆದರೆ ಅವಳಿಗೆ ಕೆಮಿಸ್ಟ್ರಿಯೇ ಬೇಕು. ಅಪ್ಪನ ಕರಾರು ಏನೆಂದರೆ, ಅರ್ಜಿ ಒಂದೇ. ಪಟ್ಟಿಯಲ್ಲಿ ಹೆಸರು ಬಂದರೆ ಕಾಲೇಜು, ಬರದಿದ್ದರೆ ಭತ್ತ ನಾಟಿಯ ಗುಂಪು.

ಯಾವ ವಿಷಯ ಎಂದು ಕೇಳಿದೆ.

"ಯಾವುದಾದ್ರೂ ಇರ್ಲಿ ಬಿಡ್ರಿ ಮೇಡಂ. ಜನ ಇಲ್ಲದ ತೂಬು ಯಾವುದದ, ಅದನ್ನ ತೋರಸ್ರಿ."

ಶಮೀಮಕ್ಕ ಕನಿಕರಪಟ್ಟು ಬಾಟನಿ ಎಂದಳು. ಹಂಗಂದ್ರೇನು ಎಂದು ಕೇಳಿದ. ಗಿಡ, ಹುಲ್ಲು ಓದುವುದು ಎಂದು ಬಿಡಿಸಿ ಹೇಳಿದೆ. ಅವನು ಮಗಳ ಕಡೆ ತಿರುಗಿದ.

"ಮೂರು ವರ್ಷ ಹೊಲದಾಗ ಕಸ ತಗದೀಯಲ್ಲ, ಅರ್ಧ ಡಿಗ್ರಿ ಮುಗದಂಗ ಆತು."

ಅಪ್ಪ ಮಗಳು ಇಬ್ಬರೂ ಫಾರ್ಮ್ ತೆಗೆದುಕೊಂಡು ಹೋದರು.

೨. ಆಣೆ

ನೀರಿನ ಪಾಳಿ ಕಾಯುತ್ತ ಬದುವಿನ ಮೇಲೆ ಕೂತಾಗ ಅವನು ಪಕ್ಕದ ಹೊಲದವನಿಗೆ ಈ ಗುಟ್ಟು ಹೇಳಿದನಂತೆ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿ. ಪಕ್ಕದವನೂ ಆಣೆ ಹಾಕಿಸಿಯೇ ಮುಂದಿನವನಿಗೆ ದಾಟಿಸಿದ. ಹೀಗೆ ಗುಟ್ಟು ದೊಡ್ಡ ಕಾಲುವೆಗುಂಟ ಶಹಾಪುರ ದಾಟಿ ವಡಗೇರಾ ಮುಟ್ಟಿತು. ನೀರು ಕೂಡ ಅಷ್ಟು ಸರಾಗವಾಗಿ ಎಂದೂ ಮುಟ್ಟಿದ್ದಿಲ್ಲ.

ಸೋಮವಾರ ಕೌಂಟರಿನ ಮುಂದೆ ಉದ್ದ ಸಾಲು. ಮೊದಲನೆಯವನು ಹಿಂದಿನವರಿಗೆ ಕೇಳದಂತೆ ಬಾಯಿಗೆ ಟವೆಲ್ ಅಡ್ಡ ಹಿಡಿದು ಕಿಂಡಿಯೊಳಗೆ ಪಿಸುಗುಟ್ಟಿದ: ಆ ಗಿಡದ್ದು ಕೊಡ್ರಿ. ಎರಡನೆಯವನೂ ಹಾಗೇ. ಸಾಲಿನ ಕೊನೆಯವರೆಗೂ ಅದೇ ಟವೆಲ್ಲು, ಅದೇ ಗಿಡ. ಊರಿಗೆಲ್ಲ ಗಂಟಲು ಬ್ಯಾನಿ ಬಂದದೇನು ಅಂದಳು ಶಮೀಮಕ್ಕ.

ಒಬ್ಬ ತಾಯಿ ಆರ್ಟ್ಸ್ ಓದಿದ ಮಗನಿಗೂ ಬಾಟನಿ ಕೇಳಿದಳು. ಪಿಯುಸಿಯಲ್ಲಿ ಇವನು ಓದಿದ್ದು ಇತಿಹಾಸ, ಆಗುವುದಿಲ್ಲ ಎಂದೆ.

"ಯಾಕ್ರೀ, ನಮ್ಮ ಬೇವಿನ ಗಿಡ ಇವನ ಮುತ್ತ್ಯಾ ಹಚ್ಚಿದ್ದು. ಅದು ಇತಿಹಾಸ ಅಲ್ಲೇನು?"

ಈ ಗದ್ದಲದ ನಡುವೆ ಕಕ್ಕೇರಾ ಹುಡುಗಿ ಒಬ್ಬಳೇ ಬಂದು, ಮಡಚಿದ ಫಾರ್ಮನ್ನು ಶಮೀಮಕ್ಕನ ಕೈಗಿಟ್ಟು ಹೋದಳು.

೩. ಪಟ್ಟಿ

ಪಟ್ಟಿ ಹಚ್ಚಿದ ದಿನ ಬಾಟನಿ ಸರ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಹುಡುಗರ ಹಿಂದೆ ಓಡಾಡುತ್ತಿದ್ದ ಮನುಷ್ಯ, ಈಗ ಶಿಫಾರಸು ನಡಿಯಂಗಿಲ್ಲ ಎನ್ನುತ್ತಿದ್ದರು. ಒಳ್ಳೊಳ್ಳೆ ಮಾರ್ಕ್ಸಿನವರೆಲ್ಲ ಅಲ್ಲಿಗೇ ಬಿದ್ದು ಪಟ್ಟಿ ಕಿಕ್ಕಿರಿದಿತ್ತು.

ಕಕ್ಕೇರಾ ರೈತ ಬೆರಳಿಟ್ಟು ಬಾಟನಿ ಪಟ್ಟಿಯನ್ನು ಮೇಲಿಂದ ಕೆಳಗೆ ಇಳಿಸಿದ. ಕೆಳಗಿಂದ ಮೇಲೆ ಏರಿಸಿದ. ಮಗಳ ಹೆಸರಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತ. ಇನ್ನ ಮಗಳೇ ಬರತಾಳಲ್ಲ, ನಾಟಿಗೆ ಆಳು ಹೇಳಿದ್ದರಲ್ಲಿ ಒಬ್ಬರನ್ನು ಬ್ಯಾಡನ್ನಬೇಕು ಎಂದಷ್ಟೇ ಅಂದ.

ಹುಡುಗಿ ಪಕ್ಕದ ಪಟ್ಟಿಯ ಮುಂದೆ ನಿಂತಿದ್ದಳು. ಕೆಮಿಸ್ಟ್ರಿಯಲ್ಲಿ ಆ ವರ್ಷ ನಾಲ್ಕೇ ನಾಲ್ಕು ಹೆಸರು, ಮೂರನೆಯದು ಅವಳದು.

"ನಾ ಇದನ್ನ ಬರದೀನಪ್ಪ."

"ನಾ ಹೇಳಿದ್ದೇನು, ನೀ ಬರದದ್ದೇನು?"

"ಯಾರಿಗೂ ಹೇಳಬ್ಯಾಡ ಅನಕೋತ ನೀ ಎಷ್ಟು ಮಂದಿಗೆ ಹೇಳತಿ ಅಂತ ನನಗ ಗೊತ್ತಿಲ್ಲೇನು?"

ಅಪ್ಪ ಎದ್ದ. ಆ ನಾಲ್ಕು ಹೆಸರುಗಳ ಕೆಳಗಿನ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದ. ಆಮೇಲೆ ಟವೆಲ್ ಬಾಯಿಗೆ ಅಡ್ಡ ಹಿಡಿದು ನನ್ನ ಹತ್ತಿರ ಬಂದ.

"ಮೇಡಂ, ಕೆಮಿಸ್ಟ್ರಿ ಖಾಲಿ ಅದ ಅನ್ನೋದು ಯಾರಿಗೂ ಹೇಳಬ್ಯಾಡ್ರಿ. ಮುಂದಿನ ವರ್ಷ ನಮ್ಮಣ್ಣನ ಮಗ ಬರಾಂವ ಇದ್ದಾನ."

ಹೇಳಿದವನೇ ಬೈಕ್ ಏರಿ ಕಾಲುವೆ ದಾರಿ ಹಿಡಿದ. ಆದ್ದರಿಂದ ಕೇಳಿದ ನೀವು, ನಿಮಗೆ ಗೊತ್ತಿರುವ ಮಕ್ಕಳಿಗೆಲ್ಲ ಮನಸ್ಸಿಗೆ ಬಂದದ್ದನ್ನೇ ಬರೆಯಿರಿ ಎಂದು ದಯವಿಟ್ಟು ತಿಳಿಸಿ. ಬೇಗ ತಿಳಿಸಿ, ಅವನು ಮೊದಲನೆಯ ಬದು ಮುಟ್ಟುವುದರೊಳಗೆ.