ಗೋಪುರಕ್ಕೆ ಯಾವ ಬಣ್ಣ ಕಟ್ಟಲಿ, ಸ್ವಾಮಿ?

ಸುದ್ದಿ ವಾಹಿನಿಯ ಮಾನ್ಯ ಪ್ರಧಾನ ಸಂಪಾದಕರೇ,

ತಾವೂ, ತಮ್ಮ ನಿರೂಪಕರೂ, ಅವರ ಕೋಟುಗಳೂ ಕ್ಷೇಮವೆಂದು ನಂಬಿ, ಎರಡೂ ಕೈ ಮುಗಿದು ಈ ಪತ್ರ ಬರೆಯುತ್ತಿದ್ದೇನೆ. ಇತ್ತ ನಾನು ಕ್ಷೇಮ. ಏಳು ನಿಮಿಷ ಹಿಂದೆ ಓಡುತ್ತದೆ ಎಂಬುದೊಂದನ್ನು ಬಿಟ್ಟರೆ ನಗರದ ಗಡಿಯಾರ ಗೋಪುರವೂ ಕ್ಷೇಮ.

ನಾನು ಆ ಗೋಪುರದ ದೀಪಗಳನ್ನು ನೋಡಿಕೊಳ್ಳುವ ಎಲೆಕ್ಟ್ರಿಷಿಯನ್. ಲೋಕದಲ್ಲಿ ಎಲ್ಲಾದರೂ ಭಯೋತ್ಪಾದಕರು ಬಾಂಬ್ ಹಾಕಿದರೆ ಆ ನಾಡಿನ ಬಾವುಟದ ಬಣ್ಣದಲ್ಲಿ ಗೋಪುರ ಬೆಳಗಿಸಿ ಸಂತಾಪ ಸೂಚಿಸುವುದು ನಮ್ಮ ನಗರಪಾಲಿಕೆಯ ಪದ್ಧತಿಯೆಂದು ತಮಗೆ ತಿಳಿದೇ ಇದೆ. ಗೋಪುರದ ಬುಡದ ಕೋಣೆಯಲ್ಲಿ ಬಣ್ಣದ ಹಾಳೆಗಳ ಸುರುಳಿಗಳನ್ನಿಟ್ಟ ಒಂದು ಕಬ್ಬಿಣದ ಬೀರು ಇದೆ. ಆದೇಶ ಬಂದ ಕೂಡಲೇ ಏಣಿ ಹತ್ತಿ ಹದಿನಾರು ಫೋಕಸ್ ದೀಪಗಳ ಮುಖಕ್ಕೆ ಹಾಳೆ ಕಟ್ಟುವುದು ನನ್ನ ಕೆಲಸ. ಯಾವ ಸಾವಿಗೆ ಕಟ್ಟಬೇಕು, ಯಾವುದಕ್ಕೆ ಬೇಡ ಎಂಬ ತಲೆನೋವು ನಮಗಿಲ್ಲ. ಅದನ್ನು ತಾವೇ ದೊಡ್ಡ ಮನಸ್ಸು ಮಾಡಿ ವಹಿಸಿಕೊಂಡಿದ್ದೀರಿ. ತಮ್ಮ ಪರದೆಯ ಅಂಚು ಕಪ್ಪಾಗಿ, ಹಿನ್ನೆಲೆಯಲ್ಲಿ ಪಿಯಾನೊ ಶುರುವಾದರೆ ಏಣಿ ಹತ್ತು, ಇಲ್ಲವಾದರೆ ತೆಪ್ಪಗಿರು ಎಂದು ನಮ್ಮ ಎಂಜಿನಿಯರ್ ಸಾಹೇಬರು ಹೇಳಿಬಿಟ್ಟಿದ್ದಾರೆ. ಅದಕ್ಕೆಂದೇ ಕೋಣೆಗೊಂದು ಟೀವಿ ಮಂಜೂರಾಗಿದೆ.

ಕಳೆದ ತಿಂಗಳು ದೂರದ ಆ ದೊಡ್ಡ ನಗರದ ಕಾಫಿ ಅಂಗಡಿಯಲ್ಲಿ ಬಾಂಬ್ ಸಿಡಿದು ಏಳು ಮಂದಿ ಸತ್ತಾಗ ತಾವು ತೋರಿದ ದುಃಖವನ್ನು ಹೇಗೆ ಹೊಗಳಲಿ? ನಾಲ್ಕು ದಿನ ಪಿಯಾನೊ ನಿಲ್ಲಲಿಲ್ಲ. ಏಳೂ ಜನರ ಹೆಸರು, ವಯಸ್ಸು, ಓದು, ಮೆಚ್ಚಿನ ಪುಸ್ತಕ ನಮಗೆ ಬಾಯಿಪಾಠವಾಯಿತು. ಅವರಲ್ಲೊಬ್ಬ ಹುಡುಗಿ ಸಾಕಿದ್ದ ಬೆಕ್ಕು ಬಾಗಿಲಲ್ಲಿ ಕೂತು ಅವಳಿಗಾಗಿ ಕಾಯುತ್ತಿದ್ದುದನ್ನು ತಾವು ತೋರಿಸಿದ್ದನ್ನು ನೆನೆದು ನಾನು ಏಣಿಯ ಮೇಲೆಯೇ ಅತ್ತೆ. ಅದು ನಾಟಕವಲ್ಲ ಸ್ವಾಮಿ, ಆ ಏಳು ಮಂದಿಯ ಬಗ್ಗೆ ನನಗೆ ತಕರಾರೇ ಇಲ್ಲ. ಅವರಿಗೆ ಸಿಕ್ಕಿದ್ದು ಹೆಚ್ಚಾಯಿತೆಂದು ಯಾರಾದರೂ ಹೇಳಿದರೆ ಅವರೊಂದಿಗೆ ಜಗಳಕ್ಕೆ ನಿಲ್ಲುತ್ತೇನೆ.

ಅದಾದ ಮೂರನೆಯ ವಾರ ಇಲ್ಲಿಂದ ಬಸ್ಸಿನಲ್ಲಿ ಐದು ಗಂಟೆ ದೂರದ ಗಡಿ ಕಡೆಯ ಪುಟ್ಟ ಊರಿನ ಬಸ್ ನಿಲ್ದಾಣದಲ್ಲಿ ಬಾಂಬ್ ಸಿಡಿಯಿತು. ಹತ್ತೊಂಬತ್ತು ಮಂದಿ ಸತ್ತರು. ಅವರಲ್ಲಿ ಒಬ್ಬಳು ನನ್ನ ಅಕ್ಕ. ಶಾಲೆ ಮಕ್ಕಳ ಅಂಗಿಗಳಿಗೆ ಗುಂಡಿಯ ಕಾಜಾ ಹಾಕುವುದು ಅವಳ ಕಸುಬು; ಹಾಕಿ ಮುಗಿಸಿದ ಅಂಗಿಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಳಂತೆ. ನಾನು ಬೀರುವಿನ ಬಾಗಿಲು ತೆರೆದಿಟ್ಟು ಟೀವಿಯ ಮುಂದೆ ಕೂತೆ. ಪಿಯಾನೊ ಬರಲಿಲ್ಲ. ಪಂದ್ಯದ ಅಂಕಗಳಿಗೂ ನಾಳೆಯ ಹವಾಮಾನಕ್ಕೂ ನಡುವೆ, ಪರದೆಯ ತಳದಲ್ಲಿ ಓಡುವ ಸಾಲಿನಲ್ಲಿ, ಸಿಲಿಂಡರ್ ಸ್ಫೋಟದ ಶಂಕೆ ಎಂದು ಓಡಿತು. ಮಾರನೆಯ ದಿನ ಹತ್ತೊಂಬತ್ತು ಎಂಬುದನ್ನು ಸುಮಾರು ಇಪ್ಪತ್ತು ಮಾಡಿದಿರಿ. ತಮ್ಮ ಔದಾರ್ಯಕ್ಕೆ ಋಣಿ, ಆದರೆ ಹೆಚ್ಚುವರಿಯಾಗಿ ಸತ್ತ ಆ ಒಬ್ಬರು ಯಾರೆಂದು ಊರಿನವರು ಈಗಲೂ ಹುಡುಕುತ್ತಿದ್ದಾರೆ.

ಬಸ್ ನಿಲ್ದಾಣದಲ್ಲಿ ಬಾಂಬ್ ಇಟ್ಟವನು ಸಿಕ್ಕಿಬಿದ್ದ ಮೇಲಂತೂ ತಮ್ಮ ಮೃದು ಮನಸ್ಸಿನ ಪೂರ್ಣ ಪರಿಚಯವಾಯಿತು. ಕಾಫಿ ಅಂಗಡಿಯಲ್ಲಿ ಬಾಂಬ್ ಇಟ್ಟವನು ಬೇರೆ ಕಡೆಯವನಾದ್ದರಿಂದ ಅವನನ್ನು ರಾಕ್ಷಸ ಎಂದಿರಿ. ಅಷ್ಟಕ್ಕೇ ಬಿಡದೆ ಅವನ ಭಾಷೆಯಾಡುವ ಇಲ್ಲಿನ ತರಕಾರಿ ಅಂಗಡಿಯವರನ್ನೆಲ್ಲ ನಿಲ್ಲಿಸಿ, ಕ್ಷಮೆ ಕೇಳುತ್ತೀರೋ ಇಲ್ಲವೋ ಎಂದು ಮೈಕು ಹಿಡಿದಿರಿ. ಇವನು ನಮ್ಮ ಕಡೆಯವನು, ತಮ್ಮದೇ ಬಡಾವಣೆಯ ಕಾಲೇಜಿನಲ್ಲಿ ಓದಿದವನು. ಆದ್ದರಿಂದ ಮನನೊಂದ ಯುವಕನಾದ. ಅವನಿಗೆ ಪಾರಿವಾಳಗಳೆಂದರೆ ಪ್ರಾಣವಂತೆ. ಅವನ ಬಾಲ್ಯದ ಫೋಟೋ ತೋರಿಸುವಾಗ ಪಿಯಾನೊದ ಒಂದೆರಡು ಮೆಲುದನಿ ಕೇಳಿಸಿದಂತಾಗಿ ಗಾಬರಿಯಲ್ಲಿ ಏಣಿ ಹತ್ತಿಬಿಟ್ಟಿದ್ದೆ. ಅವನಿಗಾಗಿ ಯಾರೂ ಕ್ಷಮೆ ಕೇಳಬೇಕಾಗಿ ಬರಲಿಲ್ಲ, ಬರಲೂ ಬಾರದು. ಆ ತರಕಾರಿ ಅಂಗಡಿಯವರೂ ಇದನ್ನೇ ಹೇಳುತ್ತಿದ್ದರೆಂಬುದು ತಮಗೆ ಆಗ ಹೊಳೆಯಲಿಲ್ಲ ಅಷ್ಟೆ.

ನನ್ನ ಬಾವನ ವಿಷಯ ಹೇಳದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಅಕ್ಕನ ಅಂತ್ಯಕ್ರಿಯೆಯ ಕೆಲಸಗಳೆಲ್ಲ ಮುಗಿದ ಮೇಲೆ ಅವರನ್ನು ನಾನೇ ಮನೆಗೆ ಕರೆತಂದೆ. ಅಂದಿನಿಂದ ರಿಮೋಟನ್ನು ಅಂಗೈಯಲ್ಲಿಟ್ಟುಕೊಂಡು ತಮ್ಮ ವಾಹಿನಿಯ ಮುಂದೆ ಕೂತವರು ಊಟಕ್ಕೂ ಏಳುವುದಿಲ್ಲ. ಸ್ವಲ್ಪ ಹೊತ್ತು ಆರಿಸಿ ಎಂದರೆ ಒಂದೇ ಮಾತು: "ಅವಳ ಹೆಸರು ಒಂದ್ಸಲನಾದ್ರೂ ಓದ್ತಾರೇನೋ, ಇರಲಿ ಬಿಡು." ಅವರು ಬೇಡುತ್ತಿರುವುದು ಪಿಯಾನೊವನ್ನಲ್ಲ, ಬರೇ ಒಂದು ಹೆಸರನ್ನು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳಿವೆ. ಯಾವ ಯಾವ ಜಾಗಗಳಲ್ಲಿ ಸತ್ತರೆ ಶೋಕಕ್ಕೆ ಅರ್ಹರು ಎಂಬ ಪಟ್ಟಿಯೊಂದನ್ನು ಮುಂಚಿತವಾಗಿ ಪ್ರಕಟಿಸಿದರೆ ಜನ ಅದಕ್ಕೆ ತಕ್ಕಂತೆ ಓಡಾಟ ಇಟ್ಟುಕೊಳ್ಳುತ್ತಾರೆ. ಬಸ್ಸಿಗೆ ಕಾಯುವವರನ್ನು ವಾರಕ್ಕೊಮ್ಮೆಯಾದರೂ ವಿಮಾನದಲ್ಲಿ ಒಯ್ದು ಯಾವುದಾದರೂ ಒಳ್ಳೆಯ ಕಾಫಿ ಅಂಗಡಿಯಲ್ಲಿ ಕೂರಿಸುವ ವ್ಯವಸ್ಥೆಯಾದರೆ ಇನ್ನೂ ಅನುಕೂಲ. ಶೋಕಕ್ಕೆ ಅರ್ಜಿ ನಮೂನೆಯೇನಾದರೂ ಇದ್ದರೆ ಕಳುಹಿಸಿಕೊಡಿ. ನಗುಮುಖದ ಫೋಟೋ ಕೇಳಿದರೆ ಕಷ್ಟವಾದೀತು: ಅಕ್ಕ ಫೋಟೋ ತೆಗೆಯುವವನಿಗೆ ಬೆಳಕು ಸಾಲದೆಂದು ಬೈಯುತ್ತಿರುವ ಫೋಟೋ ಮಾತ್ರ ನಮ್ಮಲ್ಲಿದೆ. ಸಾಕುಪ್ರಾಣಿ ಎಂಬಲ್ಲಿ ಏನು ಬರೆಯಲಿ ಎಂದೂ ತಿಳಿಯದು, ಏಕೆಂದರೆ ಪಕ್ಕದ ಮನೆಯ ಬೆಕ್ಕನ್ನು ಪೊರಕೆ ಹಿಡಿದು ಓಡಿಸುವುದೇ ಅವಳ ನಿತ್ಯದ ಕೆಲಸವಾಗಿತ್ತು. ಆ ಬೆಕ್ಕು ಈಗ ಧೈರ್ಯವಾಗಿ ಅವಳ ಹೊಲಿಗೆ ಯಂತ್ರದ ಮೇಲೆ ಮಲಗುತ್ತದೆಯಂತೆ, ಸಾಲುವುದಾದರೆ ಚಿತ್ರೀಕರಿಸಿಕೊಳ್ಳಬಹುದು.

ಗೋಪುರಕ್ಕೆ ಬಣ್ಣ ಕಟ್ಟಲು ಅಪ್ಪಣೆ ಕೊಡಿ ಎಂದು ನಮ್ಮ ಸಾಹೇಬರನ್ನೂ ಕೇಳಿದೆ. ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿ, ಪಿಯಾನೊ ಬಂತೇ ಎಂದು ವಿಚಾರಿಸಿದರು. ಇಲ್ಲವೆಂದೆ. ಬಂದ ದಿನ ನೋಡೋಣ ಎಂದರು. ಬೀರುವನ್ನೆಲ್ಲ ಹುಡುಕಿದರೂ ಬಸ್ ನಿಲ್ದಾಣಕ್ಕೆ ಒಪ್ಪುವ ಬಣ್ಣದ ಸುರುಳಿ ಸಿಗಲಿಲ್ಲ. ಹಾಗಾಗಿ ಇಂದು ಸಂಜೆ ಏಳರಿಂದ ಎಂಟರವರೆಗೆ, ಯಾರ ಅಪ್ಪಣೆಯೂ ಇಲ್ಲದೆ, ಹದಿನಾರು ದೀಪಗಳನ್ನೂ ಆರಿಸಲಿದ್ದೇನೆಂದು ವಿನಯಪೂರ್ವಕವಾಗಿ ತಿಳಿಸುತ್ತೇನೆ. ನೌಕರಿ ಹೋದರೆ ಹೋಗಲಿ.

ಪಿಯಾನೊದ ನಿರೀಕ್ಷೆಯಲ್ಲಿ ಬೀರುವಿನ ಬಾಗಿಲು ತೆರೆದಿಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಗಡಿಯಾರ ಗೋಪುರದ ಎಲೆಕ್ಟ್ರಿಷಿಯನ್

ವಿ.ಸೂ.: ಪತ್ರ ಅಂಚೆಗೆ ಹಾಕುವ ಮೊದಲೇ ತಮ್ಮವರ ದರ್ಶನವಾದದ್ದರಿಂದ ಇದನ್ನು ಮಾರನೆಯ ಬೆಳಿಗ್ಗೆ ಸೇರಿಸುತ್ತಿದ್ದೇನೆ. ನಿನ್ನೆ ಏಳಕ್ಕೆ ದೀಪ ಆರಿಸಿದೆ. ಏಳೂಕಾಲಕ್ಕೆ ತಮ್ಮ ವ್ಯಾನು ಗೋಪುರದ ಮುಂದಿತ್ತು. ವರದಿಗಾರ್ತಿ ಮೈಕನ್ನು ನನ್ನ ಮೂಗಿಗೆ ತಗುಲಿಸಿ, ಈ ಕತ್ತಲೆಗೆ ಕಾರಣ ಯಾರು, ಹೆಸರು ಹೇಳಿ ಎಂದರು. ಸುಳ್ಳೇಕೆ ಹೇಳಲಿ ಎಂದು ಅಕ್ಕನ ಹೆಸರು, ಊರು ಹೇಳಿದೆ. ಯಾರವಳು ಎಂದು ಕೇಳುತ್ತಾರೇನೋ ಎಂದು ಕಾದೆ, ಅವರಿಗೆ ಪುರುಸೊತ್ತಿರಲಿಲ್ಲ. ಎಂಟಕ್ಕೆ ದೀಪ ಹಚ್ಚಿ ನಾನು ಮನೆ ಸೇರಿದಾಗ, ಒಂಬತ್ತರ ಸುದ್ದಿಯಲ್ಲಿ ಗೋಪುರಕ್ಕೆ ಕತ್ತಲೆ ಕವಿಸಿದ ಶಂಕಿತೆಯೆಂದು ಆ ಹೆಸರನ್ನು ಪರದೆ ತುಂಬ ದಪ್ಪ ಅಕ್ಷರದಲ್ಲಿ ಹಾಕಿ, ನಗಾರಿ ಬಡಿದು, ನಾಲ್ಕು ಸಲ ಓದಿಸಿದಿರಿ. ಬಾವ ಎದ್ದು ನಿಂತು ಕೇಳಿಸಿಕೊಂಡರು. "ಹೆಸರು ಸರಿಯಾಗೇ ಓದಿದ್ರು" ಎಂದು ಟೀವಿ ಆರಿಸಿ ಊಟಕ್ಕೆ ಕೂತರು. ಆದ ತಪ್ಪು ಇಷ್ಟರಲ್ಲೇ ತಮಗೆ ತಿಳಿಯುತ್ತದೆ. ದಯವಿಟ್ಟು ಸಂಕೋಚಪಡದೆ ತಿದ್ದುಪಡಿ ಪ್ರಸಾರ ಮಾಡಿ. ಅದಕ್ಕಾಗಿ ಆ ಹೆಸರನ್ನು ಇನ್ನೊಮ್ಮೆ ಓದಬೇಕಾಗುತ್ತದೆ. ಅವಳು ದೀಪ ಆರಿಸಿರಲು ಏಕೆ ಸಾಧ್ಯವಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ.